ತರಗತಿಯಲ್ಲಿ ಹವಳದ ತೊಟ್ಟಿ: ನೋಡುವವರ ಕಣ್ಣಿಗೆ ತಕ್ಕಂತೆ ಕಟ್ಟಿದ ದಾಖಲೆ

ತರಗತಿಗೆ ಉಪ್ಪುನೀರಿನ ಅಕ್ವೇರಿಯಂ ಕಟ್ಟಲು ಹೊರಟಾಗ ಮೊದಲು ಅಳೆದದ್ದು ಮಕ್ಕಳ ಕಣ್ಣಿನ ಎತ್ತರ. ಐದನೇ ತರಗತಿಯ ಮಕ್ಕಳು ಬೆಂಚಿನ ಮೇಲೆ ಕೂತರೆ ಕಣ್ಣು ನೆಲದಿಂದ ಸುಮಾರು 95ರಿಂದ 100 ಸೆಂ.ಮೀ. ಮೇಲಿರುತ್ತದೆ. 45 ಸೆಂ.ಮೀ. ಎತ್ತರದ ತೊಟ್ಟಿಯ ನಡುಭಾಗ ಅಲ್ಲಿಗೆ ಬರಬೇಕಾದರೆ ಸ್ಟ್ಯಾಂಡ್ 75 ಸೆಂ.ಮೀ. ಇರಬೇಕು. ಅಂಗಡಿಯಲ್ಲಿ ಸಿಗುವ ಸ್ಟ್ಯಾಂಡ್‌ಗಳು ನಿಂತು ನೋಡುವ ದೊಡ್ಡವರಿಗಾಗಿ ಮಾಡಿದವು. ಅವುಗಳ ಮೇಲೆ ತೊಟ್ಟಿ ಇಟ್ಟರೆ ಮಕ್ಕಳಿಗೆ ನೀರಿನ ಕೆಳಮೈ ಕಾಣುತ್ತದೆಯೇ ಹೊರತು ಬಂಡೆಯ ಮೇಲೆ ಏನು ನಡೆಯುತ್ತಿದೆ ಎಂಬುದು ಕಾಣುವುದಿಲ್ಲ. ಈ ತೊಟ್ಟಿಯ ಪ್ರತಿ ನಿರ್ಧಾರವೂ ಹೀಗೆ ನೋಡುವವರ ಜಾಗದಿಂದ ಹುಟ್ಟಿದೆ. ನೋಡಲು ಏನೂ ಇಲ್ಲದ ತೊಟ್ಟಿಯನ್ನು ಮೂರು ತಿಂಗಳಲ್ಲಿ ಎಲ್ಲರೂ ಮರೆಯುತ್ತಾರೆ. ದಿನವೂ ಯಾರಾದರೂ ಮುಂದೆ ಕೂರುವ ತೊಟ್ಟಿಯಲ್ಲಿ ಮಾತ್ರ ತೊಂದರೆ ಶುರುವಾಗುವಾಗಲೇ ಗೊತ್ತಾಗುತ್ತದೆ.

ಅಳತೆ 90×45×45 ಸೆಂ.ಮೀ., ಗಾಜು 10 ಮಿ.ಮೀ. ನೀರನ್ನು ಅಂಚಿನಿಂದ 5 ಸೆಂ.ಮೀ. ಕೆಳಗೆ ನಿಲ್ಲಿಸಿ, ಮರಳು ಮತ್ತು ಬಂಡೆ ಹಿಡಿಯುವ ಜಾಗ ಕಳೆದರೆ ಸುಮಾರು 130 ಲೀಟರ್ ಉಪ್ಪುನೀರು. ಗಾಜು 40 ಕೆ.ಜಿ., ಮರಳು 30, ಬಂಡೆ 15, ನೀರು 133: ಸ್ಟ್ಯಾಂಡ್ ಬಿಟ್ಟು ಸುಮಾರು 220 ಕೆ.ಜಿ. ಇಷ್ಟು ಭಾರವನ್ನು ಶಾಲೆಯ ಮರದ ಮೇಜು ತಾಳುವುದಿಲ್ಲ. 40 ಮಿ.ಮೀ. ಚೌಕದ ಕಬ್ಬಿಣದ ಕೊಳವೆಯಲ್ಲಿ ಬೆಸುಗೆ ಹಾಕಿಸಿ, ಎರಡು ಕೋಟ್ ಎಪಾಕ್ಸಿ ಬಣ್ಣ ಬಳಿಸಿ, ಮೇಲೆ 18 ಮಿ.ಮೀ. ಮೆರೈನ್ ಪ್ಲೈವುಡ್, ಅದರ ಮೇಲೆ 12 ಮಿ.ಮೀ. ಥರ್ಮೋಕೋಲ್ ಹಾಸಬೇಕು. ಥರ್ಮೋಕೋಲ್ ಇಲ್ಲದಿದ್ದರೆ ಪ್ಲೈವುಡ್ ಮೇಲಿನ ಒಂದೇ ಒಂದು ಮರಳಿನ ಕಾಳು ತಳದ ಗಾಜನ್ನು ಸೀಳಬಲ್ಲದು. ಸ್ಪಿರಿಟ್ ಲೆವೆಲ್ ಇಟ್ಟು ನಾಲ್ಕೂ ಮೂಲೆ ನೋಡಿ. ನೀರು ತುಂಬಿದ ಮೇಲೆ ಸರಿಪಡಿಸುವ ಅವಕಾಶವಿಲ್ಲ.

ಕಿಟಕಿಯ ಎದುರಿನ ಗೋಡೆ ಬೇಡ. ಗಾಜಿನಲ್ಲಿ ಕಿಟಕಿಯ ಪ್ರತಿಬಿಂಬ ಬಿದ್ದು ಒಳಗಿನ ಅರ್ಧ ಮರೆಯಾಗುತ್ತದೆ. ಕಿಟಕಿ ಇರುವ ಗೋಡೆಯಲ್ಲೇ, ಆದರೆ ಬಿಸಿಲು ನೇರ ಬೀಳದ ಮೂಲೆಯಲ್ಲಿ ಇಟ್ಟರೆ ಒಳ್ಳೆಯದು. ಎಡ ಪಕ್ಕದ ಗಾಜಿನ ಬಳಿಯೂ ಒಬ್ಬರು ಕೂರುವಷ್ಟು ಜಾಗ ಬಿಡಬೇಕು. ಅದು ಯಾಕೆ ಎಂಬುದು ಮುಂದೆ ಬರುತ್ತದೆ.

ಹವಳದ ವಿಷಯದಲ್ಲಿ ಕಾನೂನು

ಬಂಡೆ ಕಟ್ಟುವ ಎಲ್ಲ ಕಲ್ಲು ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಬೀಸಣಿಗೆ ಹವಳಗಳನ್ನು 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಅಂದರೆ ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಸಮುದ್ರಕುದುರೆ, ಸಮುದ್ರ ಸೌತೆಗೂ ಆ ಕಾಯ್ದೆಯ ರಕ್ಷಣೆ ಇದೆ. ವಿದೇಶಿ ಹವ್ಯಾಸಿಗಳು ‘ಜೀವಂತ ಬಂಡೆ’ ಎಂದು ಕರೆಯುವುದು ಸತ್ತ ಹವಳದ ಅಸ್ಥಿಯೇ. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಅಲ್ಲಿಂದಾಗಲಿ ಬೇರೆ ಯಾವ ಕರಾವಳಿಯಿಂದಾಗಲಿ ಒಂದು ತುಂಡನ್ನೂ ತರುವಂತಿಲ್ಲ. ಹಾಗಾಗಿ ಇಲ್ಲಿ ಬಂಡೆ ಕೈಯಲ್ಲಿ ಮಾಡಿದ್ದು. ಜೀವಂತ ಹವಳದ ಜಾಗದಲ್ಲಿ ಅಣಬೆ ಹವಳ ಎಂದು ಕರೆಯುವ ಡಿಸ್ಕೋಸೋಮಾ ಮತ್ತು ಮಿಡಿಯುವ ಮೃದು ಹವಳ ಜೆನಿಯಾ. ಅವೂ ತೊಟ್ಟಿಯಲ್ಲೇ ಬೆಳೆಸಿ ಕತ್ತರಿಸಿದ ತುಂಡುಗಳಾಗಿರಬೇಕು, ಬಿಲ್ಲಿನಲ್ಲಿ ಹಾಗೆಂದು ಬರೆದಿರಬೇಕು.

ಝೊಯಾಂಥಿಡ್ ಎಂಬ, ಗುಂಡಿಯಾಕಾರದ ಹವಳದ ಬಂಧುಗಳನ್ನು ಬೇಕೆಂದೇ ಬಿಟ್ಟಿದ್ದೇವೆ. ಬಣ್ಣ ಎಷ್ಟೇ ಚೆನ್ನಾಗಿರಲಿ, ಅವುಗಳ ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಮಕ್ಕಳ ಕೈ ಹೋಗುವ ತೊಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ.

ಬಂಡೆ ಎರಕ

ಇದನ್ನು ಎಲ್ಲಕ್ಕಿಂತ ಮೊದಲು ಶುರುಮಾಡಬೇಕು, ಯಾಕೆಂದರೆ ಹದಗೊಳ್ಳಲು ಎರಡು ತಿಂಗಳು ಹಿಡಿಯುತ್ತದೆ. ಬಿಳಿ ಸಿಮೆಂಟ್ 3 ಲೀಟರ್, ಚಿಪ್ಪಿನ ಚೂರು 9 ಲೀಟರ್, ಕಲ್ಲುಪ್ಪು 3 ಲೀಟರ್. ಅಳೆಯಲು ಒಂದೇ ಡಬ್ಬಿ ಸಾಕು. ಚಿಪ್ಪಿನ ಚೂರು ಕೋಳಿ ಆಹಾರದ ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲಿ ಮೂರನೇ ಎರಡು ಭಾಗ ದಪ್ಪ, ಒಂದು ಭಾಗ ಸಣ್ಣದು ಇರಲಿ. ಔಷಧಿ, ಖನಿಜ ಏನನ್ನೂ ಬೆರೆಸಿರಬಾರದು. ನೀರು ತಿಳಿಯಾಗುವ ತನಕ ತೊಳೆಯಿರಿ. ಬಿಳಿ ಸಿಮೆಂಟ್ ಕೇಳಿದರೆ ಕೆಲವರು ವಾಲ್ ಪುಟ್ಟಿ ಕೊಡುತ್ತಾರೆ. ಅದರಲ್ಲಿ ಪಾಲಿಮರ್ ಅಂಟು ಇರುತ್ತದೆ, ಚೀಲದ ಮೇಲಿನ ಬರಹ ಓದಿಯೇ ಕೊಳ್ಳಬೇಕು.

ಸಿಮೆಂಟ್ ಮತ್ತು ಚೂರನ್ನು ಒಣಗಿದ್ದಾಗಲೇ ಕಲಸಿ, ನೀರನ್ನು ಚಿಮುಕಿಸುತ್ತ ಹೋಗಿ. ಮುಷ್ಟಿಯಲ್ಲಿ ಹಿಸುಕಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ಇಳಿಯಬಾರದು. ಕಲ್ಲುಪ್ಪನ್ನು ಕೊನೆಯಲ್ಲಿ ಸೇರಿಸಿ ತಕ್ಷಣ ಎರಕ ಹೊಯ್ಯಬೇಕು. ಮೊದಲೇ ಹಾಕಿದರೆ ಕರಗಿಹೋಗುತ್ತದೆ, ಬಂಡೆಯಲ್ಲಿ ರಂಧ್ರ ಉಳಿಯುವುದಿಲ್ಲ. ಟಬ್ಬಿನಲ್ಲಿ ಒದ್ದೆ ಮರಳು ತುಂಬಿ, ಕೈಯಿಂದ ಗುಂಡಿ ತೋಡಿ, ಅದರೊಳಗೆ ಮಿಶ್ರಣ ಒತ್ತಿ. ಪ್ರತಿ ಬಂಡೆಗೂ ಮೂರು ಕಾಲು ಬರುವಂತೆ ಗುಂಡಿಯ ತಳದಲ್ಲಿ ಬೆರಳಿನಿಂದ ಆಳ ಮಾಡಿ. ನಡುವೆ ಒದ್ದೆ ಮರಳಿನ ಉಂಡೆ ಹುದುಗಿಸಿದರೆ ಆಮೇಲೆ ಅದು ಉದುರಿ ಗುಹೆಯಾಗುತ್ತದೆ. ರಬ್ಬರ್ ಕೈಗವಸು ಕಡ್ಡಾಯ. ಒದ್ದೆ ಸಿಮೆಂಟ್ ಚರ್ಮವನ್ನು ಸುಡುತ್ತದೆ, ಆದ್ದರಿಂದ ಈ ಹಂತ ದೊಡ್ಡವರದ್ದು.

ಎರಡು ದಿನ ಮರಳಲ್ಲೇ ಬಿಟ್ಟು ತೆಗೆದು, ಒದ್ದೆ ಗೋಣಿಯಲ್ಲಿ ಸುತ್ತಿ ಒಂದು ವಾರ ಇಡಿ. ಆಮೇಲೆ ಸಿಹಿನೀರಲ್ಲಿ ಮುಳುಗಿಸಿ, ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ಮೊದಮೊದಲು ನೀರಿನ ಪಿಎಚ್ 11 ದಾಟಿರುತ್ತದೆ: ಸಿಮೆಂಟ್ ಗಟ್ಟಿಯಾಗುವಾಗ ಹುಟ್ಟುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಸೋರುತ್ತಿರುವುದೇ ಕಾರಣ. ಆರೇಳು ವಾರ ಕಳೆದ ಮೇಲೆ ಪರೀಕ್ಷೆ ಮಾಡಿ: ಬಂಡೆಯನ್ನು ಹೊಸ ಆರ್‌ಒ ನೀರಿನ ಬಕೆಟ್ಟಿನಲ್ಲಿ 24 ಗಂಟೆ ಬಿಟ್ಟು ಪಿಎಚ್ ನೋಡಿ. 8.5ಕ್ಕಿಂತ ಕೆಳಗಿದ್ದರೆ ತೊಟ್ಟಿಗೆ ಸಿದ್ಧ. ಇಲ್ಲಿ ಅವಸರ ಮಾಡಿದವರ ತೊಟ್ಟಿಯಲ್ಲಿ ಬಸವನಹುಳುಗಳು ಮೊದಲ ದಿನವೇ ಸಾಯುತ್ತವೆ.

ಸುಮಾರು 15 ಕೆ.ಜಿ. ಬಂಡೆ ಸಿಗುತ್ತದೆ. ಅದನ್ನು ಎರಡು ದ್ವೀಪಗಳಾಗಿ ಜೋಡಿಸಿ, ಎತ್ತರ 22 ಸೆಂ.ಮೀ. ಮೀರದಂತೆ, ಮುಂದಿನ ಗಾಜಿನಿಂದ 12 ಸೆಂ.ಮೀ. ಹಿಂದೆ ಇಡಿ. ಬಂಡೆಯ ಕಾಲು ತಳದ ಗಾಜಿನ ಮೇಲೇ ಊರಿರಬೇಕು, ನಡುವೆ ತೆಳು ಅಕ್ರಿಲಿಕ್ ಹಾಳೆ ಸಾಕು. ಮರಳು ಹಾಕಿ ಅದರ ಮೇಲೆ ಬಂಡೆ ಇಟ್ಟರೆ, ಮುಂದೆ ಬರಲಿರುವ, ಬಿಲ ತೋಡುವ ಪಿಸ್ತೂಲ್ ಸೀಗಡಿ ಅಡಿಯಿಂದ ಮರಳು ತೆಗೆದು ಬಂಡೆಯನ್ನು ಕೆಡವುತ್ತದೆ. ಅದು ತಾನು ತೋಡಿದ ಬಿಲದಲ್ಲೇ ಸಿಕ್ಕಿ ಸಾಯುವುದೂ ಉಂಟು.

ಮರಳು

ಹವಳದ ಪುಡಿ ಎಂದು ಮಾರುವುದನ್ನು ಬಿಟ್ಟು, ಮೊಹರು ಚೀಲದಲ್ಲಿ ಬರುವ ಅರಗೊನೈಟ್ (ಸುಣ್ಣದ ಖನಿಜ) ಮರಳು 1–2 ಮಿ.ಮೀ. ಗಾತ್ರದ್ದು 28 ಕೆ.ಜಿ. ತೆಗೆದುಕೊಳ್ಳಿ. ಅದಕ್ಕೆ 5ರಿಂದ 25 ಮಿ.ಮೀ. ತನಕದ ಚಿಪ್ಪಿನ ಚೂರು, ಎರಕದಲ್ಲಿ ಮುರಿದ ಬಂಡೆಯ ತುಣುಕು ಎಲ್ಲ ಸೇರಿ 3 ಕೆ.ಜಿ. ಬೆರೆಸಿ. ಬರೀ ನುಣ್ಣನೆ ಮರಳಿನಲ್ಲಿ ಬಿಲ ನಿಲ್ಲದು. ಸೀಗಡಿ ದೊಡ್ಡ ಚೂರನ್ನು ಆರಿಸಿ ತಂದು ಚಾವಣಿಗೆ ತೊಲೆಯಂತೆ ಕೊಡುತ್ತದೆ, ಸಂದಿಗೆ ಸಣ್ಣದನ್ನು ತುರುಕುತ್ತದೆ. ಗಾತ್ರಗಳ ವೈವಿಧ್ಯ ಇದ್ದಷ್ಟೂ ಬಿಲ ಗಟ್ಟಿ, ನೋಡಲು ಕೆಲಸವೂ ಹೆಚ್ಚು. ಹಿಂಭಾಗದ ಎಡಕ್ಕೆ 4 ಸೆಂ.ಮೀ., ಮುಂಭಾಗದ ಬಲಕ್ಕೆ 7 ಸೆಂ.ಮೀ. ದಪ್ಪ ಇರಲಿ. ಬಿಲ ಬೇಕಿರುವುದು ಗಾಜಿನ ಹತ್ತಿರ, ಬಲ ಮೂಲೆಯಲ್ಲಿ.

ಆ ಬಲ ಮೂಲೆಯಲ್ಲಿ ಮುಂದಿನ ಗಾಜಿನ ಹೊರಗೆ, ತಳದಿಂದ 8 ಸೆಂ.ಮೀ. ಎತ್ತರಕ್ಕೆ ಕಪ್ಪು ರಟ್ಟಿನ ಪಟ್ಟಿಯನ್ನು ಮೇಲಂಚಿಗೆ ಮಾತ್ರ ಅಂಟಿಸಿ, ಬಾಗಿಲಿನಂತೆ ಎತ್ತಲು ಬರುವ ಹಾಗೆ. ಗಾಜಿನ ಬದಿ ಕತ್ತಲಾಗಿದ್ದರೆ ಸೀಗಡಿ ಅದನ್ನೇ ಗೋಡೆಯಾಗಿ ಬಳಸಿ ಸುರಂಗ ತೋಡುವ ಸಾಧ್ಯತೆ ಹೆಚ್ಚು. ಖಾತ್ರಿಯಿಲ್ಲ, ಆದರೆ ಹಾಗಾದರೆ ಅದರಂಥ ಕಿಟಕಿ ಬೇರೆ ಇಲ್ಲ.

ನೀರು

ಬೆಂಗಳೂರಿನ ಕೊಳವೆಬಾವಿ ನೀರು ಗಡಸು, ಕಾವೇರಿ ನೀರಿನಲ್ಲಿ ಕ್ಲೋರಿನ್. ಎರಡನ್ನೂ ಆರ್‌ಒ ದಾಟಿಸಿ, ಆಮೇಲೆ ಉಳಿದ ಲವಣ ಹೀರುವ ಡಿಐ ರಾಳದ ಕಾರ್ಟ್ರಿಜ್ ದಾಟಿಸಿದರೆ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 0 ತೋರಿಸಬೇಕು. ಮನೆಬಳಕೆಯ ಆರ್‌ಒ ಯಂತ್ರವನ್ನೇ ಬಳಸುವುದಾದರೆ ಒಂದು ಎಚ್ಚರ: ರುಚಿಗೆಂದು ಅದರಲ್ಲಿ ಖನಿಜ ಕಾರ್ಟ್ರಿಜ್ ಇರುತ್ತದೆ, ಟಿಡಿಎಸ್ ಕಂಟ್ರೋಲರ್ ಎಂಬ ತಿರುಗಣೆ ಹಸಿ ನೀರನ್ನೇ ಸ್ವಲ್ಪ ಬೆರೆಸುತ್ತದೆ. ಎರಡಕ್ಕೂ ಮುಂಚೆ, ಪೊರೆಯಿಂದ ಹೊರಬಂದ ಕೂಡಲೇ, ‘T’ ಆಕಾರದ ಜೋಡಣೆ ಹಾಕಿ ನೀರು ತೆಗೆಯಬೇಕು. ತ್ಯಾಜ್ಯ ನೀರು ನೆಲ ಒರೆಸಲು ಆದೀತು.

ಕೊಳ್ಳುವ ಸಮುದ್ರ ಉಪ್ಪಿನ ಮಿಶ್ರಣ ಲೀಟರಿಗೆ ಸುಮಾರು 38 ಗ್ರಾಂ, 130 ಲೀಟರಿಗೆ 5 ಕೆ.ಜಿ. ಹತ್ತಿರ. ನೀರಿಗೆ ಉಪ್ಪು ಹಾಕಬೇಕು, ಉಪ್ಪಿಗೆ ನೀರಲ್ಲ; ರಾಶಿ ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಬೇರ್ಪಟ್ಟು ತಳ ಸೇರುತ್ತದೆ. ಪಂಪ್ ಓಡಿಸಿ ಒಂದು ದಿನ ಬಿಟ್ಟು ಅಳೆಯಿರಿ. ಗುರಿ ಸಾವಿರಕ್ಕೆ 35 ಭಾಗ, 25 ಡಿಗ್ರಿಯಲ್ಲಿ ಸಾಪೇಕ್ಷ ಸಾಂದ್ರತೆ 1.026. ಲವಣಾಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಬರೀ ನೀರಿನಿಂದ ಸೊನ್ನೆಗೆ ತಂದರೆ ಸಾಲದು, 35ರ ಪ್ರಮಾಣ ದ್ರಾವಣದಿಂದ ಹೊಂದಿಸಬೇಕು.

ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ದಿನಕ್ಕೆ 1.5ರಿಂದ 2 ಲೀಟರ್ ಇಳಿಯುವ ತೊಟ್ಟಿ ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ 5 ಲೀಟರ್ ಕಳೆದುಕೊಂಡರೆ ಲವಣಾಂಶ 36 ದಾಟುತ್ತದೆ. ಅದಕ್ಕೆ ಫ್ಲೋಟ್ ಸ್ವಿಚ್ ಇರುವ ಟಾಪ್-ಅಪ್ ಪಂಪ್ ಬೇಕು, ಅದರ ಸಿಹಿನೀರಿನ ಡಬ್ಬಿ 10 ಲೀಟರಿನದ್ದೇ ಇರಲಿ. ದೊಡ್ಡದು ಇಟ್ಟರೆ ಒಳ್ಳೆಯದಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಸ್ವಿಚ್ ಸಿಕ್ಕಿಕೊಂಡು 10 ಲೀಟರೂ ಒಮ್ಮೆಲೇ ಸುರಿದರೂ ಲವಣಾಂಶ 32.5ಕ್ಕೆ ನಿಲ್ಲುತ್ತದೆ, ನೀರಿನ ಮಟ್ಟ ಮೂರು ಸೆಂ.ಮೀ. ಒಳಗೇ ಏರುತ್ತದೆ, ಅಂಚಿನ 5 ಸೆಂ.ಮೀ. ಅದನ್ನು ತಡೆಯುತ್ತದೆ. 40 ಲೀಟರಿನ ಡಬ್ಬಿಯಾದರೆ ತರಗತಿಯ ನೆಲವೂ ಹೋಯಿತು, ಸೀಗಡಿಯೂ ಹೋಯಿತು.

ಬ್ಯಾಕ್ಟೀರಿಯಾ ಕಾಲ

ಪ್ರಾಣಿಗಳ ತ್ಯಾಜ್ಯದಿಂದ ಬರುವ ಅಮೋನಿಯಾವನ್ನು ಕರಗಿಸುವ ಬ್ಯಾಕ್ಟೀರಿಯಾ ಅವು ಬರುವ ಮುಂಚೆಯೇ ಬೆಳೆದಿರಬೇಕು, ಅದಕ್ಕೆ ನಾವೇ ಅಮೋನಿಯಾ ಹಾಕಬೇಕು. ಶಾಲೆಯ ಲ್ಯಾಬಿನಲ್ಲಿ ಅಮೋನಿಯಂ ಕ್ಲೋರೈಡ್ ಇದ್ದೇ ಇರುತ್ತದೆ. 0.82 ಗ್ರಾಂ ತೂಗಿ ಕರಗಿಸಿ ಹಾಕಿದರೆ 130 ಲೀಟರಿನಲ್ಲಿ ಅಮೋನಿಯಾ ಲೀಟರಿಗೆ 2 ಮಿ.ಗ್ರಾಂ ಆಗುತ್ತದೆ. ನಿಮ್ಮ ಕಿಟ್ ಅಮೋನಿಯಾ-ನೈಟ್ರೋಜನ್ ಲೆಕ್ಕದಲ್ಲಿ ತೋರಿಸುವುದಾದರೆ ಅದೇ 2ಕ್ಕೆ 1 ಗ್ರಾಂ ಬೇಕು. ಜೊತೆಗೆ ಬಾಟಲಿಯಲ್ಲಿ ಬರುವ ಸಮುದ್ರ ಬ್ಯಾಕ್ಟೀರಿಯಾ, ಅಥವಾ ಆರೋಗ್ಯವಾಗಿರುವ ಬೇರೆ ಉಪ್ಪುನೀರಿನ ತೊಟ್ಟಿಯ ಒಂದು ತುಂಡು ಸ್ಪಂಜು. ಸ್ಪಂಜೇ ನಮ್ಮ ಆಯ್ಕೆ: ಕೋಪಿಪಾಡ್ ಎಂಬ ಸೀಗಡಿ ಬಂಧುವಾದ ಪುಟ್ಟ ಜೀವಿ, ಸಣ್ಣ ಕೊಳವೆ ಹುಳು ಎಲ್ಲ ಅದರಲ್ಲೇ ಬರುತ್ತವೆ, ನೋಡಲು ಮೊದಲ ಪ್ರಾಣಿಗಳು ಅವೇ.

ಅಮೋನಿಯಾ ಇಳಿದು ನೈಟ್ರೈಟ್ ಏರಿ, ಅದೂ ಇಳಿದು ನೈಟ್ರೇಟ್ ಉಳಿಯಲು ಮೂರರಿಂದ ಆರು ವಾರ. 2 ಮಿ.ಗ್ರಾಂ ಅಮೋನಿಯಾ 24 ಗಂಟೆಯಲ್ಲಿ ಸೊನ್ನೆಯಾದರೆ ತೊಟ್ಟಿ ಹಣ್ಣಾಗಿದೆ. ಈ ಅವಧಿಯಲ್ಲಿ ದೀಪ ಬೇಡ. ದೀಪ ಹಾಕಿದ ಒಂದೆರಡು ವಾರಕ್ಕೆ ಮರಳಿನ ಮೇಲೆ ಡಯಾಟಮ್ ಎಂಬ ಕಂದು ಸೂಕ್ಷ್ಮ ಪಾಚಿ ಹರಡುತ್ತದೆ, ಆಮೇಲೆ ಹಸಿರು ಕೂದಲು ಪಾಚಿ. ಇದನ್ನು ರೋಗವೆಂದು ತಿಳಿದು ಔಷಧಿ ಹಾಕಬಾರದು. ಒಂದೇ ಕೋನದಿಂದ ದಿನಕ್ಕೊಂದು ಫೋಟೊ ತೆಗೆದಿಟ್ಟರೆ, ಯಾವ ಜೀವ ಯಾರ ಜಾಗ ಹಿಡಿಯಿತು ಎಂಬುದನ್ನು ಮಕ್ಕಳೇ ಓದಬಲ್ಲರು.

ಅಲೆ, ಬೆಳಕು, ಶಾಖ, ವಿದ್ಯುತ್

ಗಂಟೆಗೆ 3000 ಲೀಟರ್ ತಳ್ಳುವ, ವೇಗ ಬದಲಿಸಲು ಬರುವ, ಅಲೆ ಎಬ್ಬಿಸುವ ಡಿಸಿ ಪಂಪ್, ಅಂದರೆ ವೇವ್‌ಮೇಕರ್ ಒಂದು, ಎಡ ಹಿಂಮೂಲೆಯಲ್ಲಿ, ಮೇಲ್ಮೈಯಿಂದ 8 ಸೆಂ.ಮೀ. ಕೆಳಗೆ. ಅದರ ಮುಖ ಮುಂದಿನ ಗಾಜಿನ ಮೇಲ್ಭಾಗಕ್ಕೆ ತಿರುಗಿರಲಿ. ನೀರು ಗಾಜಿಗೆ ಬಡಿದು ಹರಡಿದರೆ ಬಲ ಮೂಲೆಯ ಮರಳು ಕದಲದು. ಹಿಂಗಾಜಿಗೆ ನೇತುಹಾಕುವ ಫಿಲ್ಟರ್ ಗಂಟೆಗೆ 500 ಲೀಟರಿನದ್ದು, ಅದರಲ್ಲಿ ವಾರಕ್ಕೊಮ್ಮೆ ಬದಲಿಸುವ ಹತ್ತಿ. ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಇಲ್ಲ: ಅದರ ಸದ್ದು ಪಾಠಕ್ಕೆ ಅಡ್ಡಿ, ಮೂರ್ನಾಲ್ಕು ಸಣ್ಣ ಮೀನಿಗೆ ವಾರಕ್ಕೆ 13 ಲೀಟರ್ ನೀರು ಬದಲಿಸಿದರೆ ಸಾಕು. ಅದಕ್ಕೆ ವಾರಕ್ಕೆ ಅರ್ಧ ಕೆ.ಜಿ. ಉಪ್ಪು.

ಬೆಳಕು 60 ವಾಟ್ ಎಲ್ಇಡಿ, ನೀರಿನಿಂದ 25 ಸೆಂ.ಮೀ. ಮೇಲೆ, ಬೆಳಿಗ್ಗೆ 8.30ರಿಂದ ಸಂಜೆ 4.30. ಕೊನೆಯ ಅರ್ಧ ಗಂಟೆ ನೀಲಿ ಮಾತ್ರ. ಅಣಬೆ ಹವಳ ಕಡಿಮೆ ಬೆಳಕು ಇಷ್ಟಪಡುತ್ತದೆ, ಕೆಳಗಿರಲಿ, ಜೆನಿಯಾ ಮೇಲೆ.

ಶಾಖ 25ರಿಂದ 27 ಡಿಗ್ರಿ. ಬೆಂಗಳೂರಿನ ಡಿಸೆಂಬರ್ ರಾತ್ರಿಗೆ 150 ವಾಟ್ ಹೀಟರ್, ಅದರ ಒಳಗಿನ ಥರ್ಮೋಸ್ಟಾಟ್ ನಂಬದೆ ಹೊರಗಿನ ಕಂಟ್ರೋಲರ್. ಹೀಟರ್ ಕೆಡುವಾಗ ಬಹಳ ಸಲ ಆನ್ ಆಗಿಯೇ ಉಳಿಯುತ್ತದೆ. ಬೇಸಿಗೆಗೆ ನೀರಿನ ಮೇಲೆ ಬೀಸುವ ಎರಡು ಸಣ್ಣ ಫ್ಯಾನ್, ಆವಿಯಾಗಿಸಿ 2–3 ಡಿಗ್ರಿ ಇಳಿಸುತ್ತವೆ. ಕಲಬುರಗಿಯ ಒಣ ಹವೆಯಲ್ಲಿ ಇವು ಚೆನ್ನಾಗಿ ಕೆಲಸ ಮಾಡುತ್ತವೆ, ಟಾಪ್-ಅಪ್ ನೀರು ಮಾತ್ರ ಜಾಸ್ತಿ ಬೇಕು. ಮಂಗಳೂರಿನ ಏಪ್ರಿಲ್‌ನಲ್ಲಿ ಗಾಳಿಯೇ ತೇವ ತುಂಬಿರುವುದರಿಂದ ಫ್ಯಾನ್ ಸಾಲದು. ಅಲ್ಲಿ ಚಿಲ್ಲರ್ ಇಲ್ಲದೆ ಈ ತೊಟ್ಟಿ ಕಟ್ಟಬೇಡಿ.

ಕರೆಂಟ್ ಹೋದಾಗ ಮೊದಲು ಕಾಡುವುದು ಆಮ್ಲಜನಕದ ಕೊರತೆ. ಉಪ್ಪುನೀರು ಹಿಡಿಯುವ ಆಮ್ಲಜನಕ ಸಿಹಿನೀರಿಗಿಂತ ಐದನೇ ಒಂದು ಭಾಗದಷ್ಟು ಕಡಿಮೆ. 12 ವಾಟ್ ವೇವ್‌ಮೇಕರಿಗೆ 12 ವೋಲ್ಟಿನ 7 ಆಂಪಿಯರ್-ಗಂಟೆ ಬ್ಯಾಟರಿ ಲೆಕ್ಕದಲ್ಲಿ ಏಳು ಗಂಟೆ, ನಿಜದಲ್ಲಿ ಐದು ಗಂಟೆ ಬರುತ್ತದೆ. ಅದೂ ಮುಗಿದರೆ ಚೆಂಬಿನಿಂದ ನೀರು ಎತ್ತಿ ಎತ್ತಿ ಸುರಿಯಬೇಕು. 1846ರ ಹೊತ್ತಿಗೆ ಲಂಡನ್ನಿನಲ್ಲಿ ಆ್ಯನಾ ಥಿನ್ ಎಂಬಾಕೆ ಸಮುದ್ರದಿಂದ ತಂದ ಕಲ್ಲು ಹವಳಗಳನ್ನು ಮನೆಯಲ್ಲಿ ಬದುಕಿಸಿದ್ದು ಹೀಗೆಯೇ: ಕೆಲಸದಾಕೆ ತೆರೆದ ಕಿಟಕಿಯ ಮುಂದೆ ದಿನವೂ ಪಾತ್ರೆಯಿಂದ ಪಾತ್ರೆಗೆ ನೀರು ಸುರಿಯುತ್ತಿದ್ದಳು.

ಎಲ್ಲ ಪ್ಲಗ್ಗುಗಳೂ, ವಿದ್ಯುತ್ ಸೋರಿದ ಕೂಡಲೇ ಕರೆಂಟ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಿಂದೆಯೇ ಇರಬೇಕು. ಪ್ರತಿ ವೈರೂ ಸಾಕೆಟ್ಟಿಗಿಂತ ಕೆಳಕ್ಕೆ ಒಂದು ಬಾಗು ಇಳಿದು ಮೇಲೇರಲಿ, ಸೋರಿದ ಹನಿ ಸಾಕೆಟ್ ತಲುಪದೆ ಅಲ್ಲೇ ಕೆಳಗೆ ಬೀಳುತ್ತದೆ. ಮಕ್ಕಳ ಕೋಣೆಯಲ್ಲಿ ಇದರ ವಿಷಯದಲ್ಲಿ ಯಾವ ರಾಜಿಯೂ ಇಲ್ಲ.

ಪ್ರಾಣಿಗಳು, ಒಂದೊಂದಾಗಿ

ಮೊದಲು ಐದಾರು ಟ್ರೋಕಸ್ ಬಸವನಹುಳು, ಎರಡು ಸಣ್ಣ ಸನ್ಯಾಸಿ ಏಡಿ. ಎರಡು ವಾರ ಬಿಟ್ಟು ಅಣಬೆ ಹವಳ, ಜೆನಿಯಾ. ಜೆನಿಯಾವನ್ನು ಒಂಟಿ ಬಂಡೆಯ ಮೇಲೆ ಕೂರಿಸಿ. ಅದಕ್ಕೆ ಜಾಗ ಹಿಡಿಸಿದರೆ ಪಕ್ಕದ ಬಂಡೆಯೆಲ್ಲ ತನ್ನದಾಗಿಸುತ್ತದೆ. ಆಮೇಲೆ ಈ ತೊಟ್ಟಿಯ ಯಜಮಾನ: ಪಿಸ್ತೂಲ್ ಸೀಗಡಿ, ಆಲ್ಫಿಯಸ್ ಬೆಲ್ಯುಲಸ್, 4–5 ಸೆಂ.ಮೀ. ಬಲ ದ್ವೀಪದ ಬುಡದಲ್ಲಿ ಮರಳೊಳಗೆ ಮುಕ್ಕಾಲು ಇಂಚಿನ ಪಿವಿಸಿ ಎಲ್ಬೋ ಒಂದನ್ನು ಹುಗಿದು, ಬಾಯಿ ಮಾತ್ರ ಹೊರಗೆ ಬಿಟ್ಟು, ಅಗಲ ಕೊಳವೆಯ ಮೂಲಕ ಸೀಗಡಿಯನ್ನು ಆ ಬಾಯಿಗೇ ಇಳಿಸಿ. ಇಲ್ಲದಿದ್ದರೆ ಅದು ಹಿಂದಿನ ಕತ್ತಲೆ ಮೂಲೆ ಸೇರಿ ಅಲ್ಲೇ ಸಂಸಾರ ಹೂಡುತ್ತದೆ, ನೋಡುವವರಿಗೆ ಏನೂ ದಕ್ಕದು. ಹನಿಹನಿಯಾಗಿ ತೊಟ್ಟಿಯ ನೀರು ಸೇರಿಸುತ್ತ ಒಂದು ಗಂಟೆ ಹೊಂದಿಸಿಯೇ ಬಿಡಬೇಕು.

ಒಂದು ವಾರಕ್ಕೆ ಹಳದಿ ಕಾವಲು ಗೋಬಿ ಮೀನು, ಕ್ರಿಪ್ಟೊಸೆಂಟ್ರಸ್ ಸಿಂಕ್ಟಸ್. ಗೋಬಿ ಮೀನುಗಳು ಹಾರುತ್ತವೆ, 6 ಮಿ.ಮೀ. ಕಣ್ಣಿನ ಬಲೆಯ ಮುಚ್ಚಳ ಆ ದಿನಕ್ಕೆ ಮುಂಚೆಯೇ ಇರಬೇಕು. ಕೊನೆಗೆ ಹ್ಯಾಚರಿಯಲ್ಲಿ ಹುಟ್ಟಿದ ಒಂದು ಜೋಡಿ ಕ್ಲೌನ್ ಮೀನು. ಮಂಡಪಂ ಮತ್ತು ವಿಳಿಂಜಂನಲ್ಲಿರುವ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರಗಳು ಇವುಗಳ ಮರಿ ಮಾಡಿಸುವ ವಿಧಾನವನ್ನು ರೂಪಿಸಿವೆ, ಆದ್ದರಿಂದ ಸಮುದ್ರದಲ್ಲಿ ಹಿಡಿದವನ್ನು ಕೊಳ್ಳಲು ಕಾರಣವೇ ಇಲ್ಲ. ಎಲ್ಲ ಮೀನನ್ನೂ ಬೇರೆ ಡಬ್ಬಿಯಲ್ಲಿ ಕನಿಷ್ಠ ನಾಲ್ಕು ವಾರ ಇಟ್ಟು ನೋಡಿಯೇ ತೊಟ್ಟಿಗೆ ಬಿಡಬೇಕು. ಬಿಳಿಚುಕ್ಕೆ ರೋಗಕ್ಕೆ ಕೊಡುವ ತಾಮ್ರದ ಔಷಧಿ ಸೀಗಡಿ, ಹುಳು, ಹವಳ ಎಲ್ಲವನ್ನೂ ಕೊಲ್ಲುತ್ತದೆ, ಮುಖ್ಯ ತೊಟ್ಟಿಯಲ್ಲಿ ಚಿಕಿತ್ಸೆ ಅಸಾಧ್ಯ. ಸಮುದ್ರ ಹೂವು (ಸೀ ಅನಿಮೋನ್) ಬೇಡ. ಅದು ಜಾಗ ಬದಲಿಸಿ ವೇವ್‌ಮೇಕರಿಗೆ ಸಿಕ್ಕಿ ನುಚ್ಚಾಗುತ್ತದೆ, ಆ ರಾತ್ರಿಯೇ ತೊಟ್ಟಿ ಪೂರ್ತಿ ಕೆಡುತ್ತದೆ.

ಕೂತು ನೋಡುವುದು

ಗಾಜಿನಿಂದ 60 ಸೆಂ.ಮೀ. ದೂರ, ಐದು ನಿಮಿಷ ಅಲುಗಾಡದೆ. ಮೇಲಿನಿಂದ ನೆರಳು ಬಿದ್ದರೆ ಗೋಬಿ ಮೀನು ಬಿಲದೊಳಗೆ. ಸುಮ್ಮನೆ ಕೂತವರಿಗೆ ಮೊದಲು ಬಿಲದ ಬಾಯಲ್ಲಿ ಹಳದಿ ತಲೆ ಕಾಣುತ್ತದೆ, ಆಮೇಲೆ ಅದರ ಬಾಲದ ಬಳಿ ಎರಡು ಮೀಸೆ. ಈ ಸೀಗಡಿಗೆ ಕಣ್ಣು ಬಹಳ ಮಂದ. ಹೊರಬಂದಷ್ಟು ಹೊತ್ತೂ ಒಂದು ಮೀಸೆಯನ್ನು ಮೀನಿನ ಮೈಗೆ ತಾಗಿಸಿಕೊಂಡೇ ಇರುತ್ತದೆ. ಮುಂಗಾಲುಗಳನ್ನು ಬುಲ್ಡೋಜರಿನ ಹಲಗೆಯಂತೆ ಜೋಡಿಸಿ ಮರಳನ್ನು ತಳ್ಳಿಕೊಂಡು ಬರುತ್ತದೆ, ಸುರಿಯುತ್ತದೆ, ಹಿಮ್ಮೆಟ್ಟುತ್ತದೆ, ಮತ್ತೆ ಬರುತ್ತದೆ. ಮೀನು ಬಾಲವನ್ನು ಸಣ್ಣಗೆ ಅದುರಿಸಿದರೆ ಸೀಗಡಿ ಇದ್ದಲ್ಲೇ ನಿಲ್ಲುತ್ತದೆ ಇಲ್ಲವೇ ಒಳಗೆ ಸರಿಯುತ್ತದೆ. ಮೀನೇ ತಲೆ ಮುಂದಾಗಿ ನುಗ್ಗಿದರೆ ಎರಡೂ ಮಾಯ. ಮೀನು ಹೊರಗೆ ಇಲ್ಲದಾಗ ಸೀಗಡಿ ಹೊರಬರುವುದು ಅಪರೂಪ. ಸಂಜೆ ದೀಪ ಆರುವ ಹೊತ್ತಿಗೆ ಮೀನು ಒಳಗೆ ಹೋಗುತ್ತದೆ, ಬಿಲದ ಬಾಯಿ ಮುಚ್ಚಿಹೋಗುತ್ತದೆ. ಬೆಳಿಗ್ಗೆ ಅದು ತೆರೆಯುವ ಹೊತ್ತನ್ನು ಹಿಡಿಯಲು ಮಕ್ಕಳು ಪ್ರಾರ್ಥನೆಗೆ ಮುಂಚೆಯೇ ಬರುತ್ತಾರೆ.

ಟಪ್ ಎಂಬ ಸದ್ದು ಕೇಳಿದರೆ ಗಾಜು ಬಿರಿಯಿತೆಂದು ಹೆದರಬೇಡಿ. ಸೀಗಡಿ ದೊಡ್ಡ ಇಕ್ಕಳವನ್ನು ಮುಚ್ಚಿದ ವೇಗಕ್ಕೆ ನೀರಿನಲ್ಲಿ ಗುಳ್ಳೆ ಹುಟ್ಟಿ ಕುಸಿಯುತ್ತದೆ. ಸದ್ದು ಬರುವುದು ಇಕ್ಕಳದಿಂದಲ್ಲ, ಗುಳ್ಳೆಯ ಕುಸಿತದಿಂದ ಎಂದು 2000ದಲ್ಲಿ ತೋರಿಸಲಾಯಿತು. 10 ಮಿ.ಮೀ. ಗಾಜಿಗೆ ಅದರಿಂದ ಏನೂ ಆಗದು.

ಎಡ ಪಕ್ಕದ ಗಾಜನ್ನು ಉಜ್ಜುವುದಿಲ್ಲ. ಅಲ್ಲಿ ಪಾಚಿಯ ಪೊರೆ ಬೆಳೆಯಲು ಬಿಟ್ಟು, 10 ಪಟ್ಟು ಹಿಗ್ಗಿಸುವ, ಚಿನಿವಾರರು ಬಳಸುವ ಭೂತಗನ್ನಡಿ ಇಟ್ಟು ನೋಡುವುದು. ಈ ಮಸೂರ 2.5 ಸೆಂ.ಮೀ. ದೂರದಲ್ಲಿ ಮಾತ್ರ ಸ್ಪಷ್ಟ. ಗಾಜಿಗೆ ತಾಗಿಸಿ ಹಿಡಿದು ನಿಧಾನವಾಗಿ ಹಿಂದೆ ಸರಿಸಿದರೆ ಗಾಜಿನಾಚೆ ಸುಮಾರು 2 ಸೆಂ.ಮೀ. ತನಕದ್ದೆಲ್ಲ ಕಣ್ಣಿಗೆ ಸಿಗುತ್ತದೆ. ಅಷ್ಟರಲ್ಲೇ ಮೊಟ್ಟೆ ಚೀಲ ಹೊತ್ತ ಕೋಪಿಪಾಡ್, ಬಿಳಿ ಸುರುಳಿ ಚಿಪ್ಪಿನಿಂದ ಗರಿ ಚಾಚುವ ಹುಳು, ಬಸವನಹುಳು ಪಾಚಿ ಕೆರೆಯುತ್ತ ಬಿಟ್ಟುಹೋದ ನಾಲಿಗೆಯ ಅಂಕುಡೊಂಕು ಗೆರೆ. ಜೆನಿಯಾ ಎಂಟು ಬೆರಳನ್ನು ಮುಚ್ಚಿ ತೆರೆಯುವುದಕ್ಕೆ ಕಾರಣವನ್ನು ಇಸ್ರೇಲಿನ ಸಂಶೋಧಕರು ಅದರ ಹತ್ತಿರದ ಬಂಧು ಹೆಟೆರೊಜೆನಿಯಾದಲ್ಲಿ ಕಂಡು 2013ರಲ್ಲಿ ಪ್ರಕಟಿಸಿದರು: ಮಿಡಿತ ಹೆಚ್ಚುವರಿ ಆಮ್ಲಜನಕವನ್ನು ಮೈಯಿಂದ ತಳ್ಳಿ, ಒಳಗಿನ ಪಾಚಿಯ ದ್ಯುತಿಸಂಶ್ಲೇಷಣೆಯನ್ನು ಹೆಚ್ಚಿಸುತ್ತದೆ. ನಿಮಿಷಕ್ಕೆ ಎಷ್ಟು ಮಿಡಿತ ಎಂದು ದಿನವೂ ಒಂದೇ ಹೊತ್ತಿಗೆ ಎಣಿಸಿ ಗೋಡೆಗೆ ಗ್ರಾಫ್ ಅಂಟಿಸಿ. ಗ್ರಾಫ್ ಕುಸಿದರೆ ಆ ದಿನ ನೀರು ಪರೀಕ್ಷಿಸಬೇಕು.

ದಾಖಲೆಗೆ 30 ಸೆಕೆಂಡಿಗೊಮ್ಮೆ ಒಂದು ಸಾಲು, ಹತ್ತು ನಿಮಿಷಕ್ಕೆ 20 ಸಾಲು: ಹೊತ್ತು, ಯಾರು, ಏನು ಮಾಡಿದರು. ಯಾಕೆ ಮಾಡಿದರು ಎಂಬ ಕಾಲಂ ಇಲ್ಲ. ‘ಮೀನು ಸಿಟ್ಟಾಗಿದೆ’ ಎಂದು ಬರೆಯುವ ಬದಲು ‘ಬೆನ್ನಿನ ರೆಕ್ಕೆ ಎತ್ತಿತು’ ಎಂದು ಬರೆದರೆ ಮುಂದಿನವರಿಗೂ ಉಪಯೋಗವಾಗುತ್ತದೆ. ದೀಪ ಆರಿದ ಮೇಲೆ ಕೆಂಪು ಬೆಳಕಿನ ಟಾರ್ಚ್. ಬಹಳಷ್ಟು ಸಮುದ್ರ ಜೀವಿಗಳಿಗೆ ಕೆಂಪು ಅಷ್ಟಾಗಿ ಕಾಣದು.

ಕೆಡುವ ಬಗೆಗಳು

ತರಗತಿಯ ತೊಟ್ಟಿಯನ್ನು ಕೊಲ್ಲುವುದು ಹೆಚ್ಚಾಗಿ ನೀರಿನ ಹೊರಗಿನಿಂದ ಬಂದದ್ದು. ಸೊಳ್ಳೆ ನಿವಾರಕ ದ್ರವದ ಯಂತ್ರ, ಜಿರಳೆ ಸ್ಪ್ರೇ ಇವುಗಳಲ್ಲಿರುವ ಪೈರೆಥ್ರಾಯ್ಡ್ ಸೀಗಡಿ ಕುಲಕ್ಕೆ ಕಡು ವಿಷ. ಕೋಣೆಗೆ ಬಣ್ಣ ಹೊಡೆಸುವಾಗ, ಫಿನಾಯಿಲ್ ಸುರಿಯುವಾಗ ಮೊದಲೇ ತಿಳಿಸುವಂತೆ ಸ್ವಚ್ಛತಾ ಸಿಬ್ಬಂದಿಯ ಜೊತೆ ಕೂತು ಮಾತಾಡಿ. ತೊಟ್ಟಿಯ ಆಯುಷ್ಯ ಅವರ ಕೈಯಲ್ಲೂ ಇದೆ. ಕೈ ಹಾಕುವ ಮುನ್ನ ಬರೀ ನೀರಿನಲ್ಲಿ ತೊಳೆಯಬೇಕು, ಸೋಪು, ಕ್ರೀಮು ಇರಬಾರದು.

ಸೀಗಡಿ ಪೊರೆ ಕಳಚಿದಾಗ ಸತ್ತಿತೆಂದು ಅಳುವವರಿರುತ್ತಾರೆ. ಪೊರೆ ಪಾರದರ್ಶಕ, ಬೆನ್ನಲ್ಲಿ ಸೀಳು ಇರುತ್ತದೆ. ತೆಗೆಯಬೇಡಿ. ಮರಳಿನ ಮೇಲೆ ಕಡುಗೆಂಪು ಲೋಳೆ ಹಾಳೆ ಬಂದರೆ ಅದು ಸಯನೋಬ್ಯಾಕ್ಟೀರಿಯಾ, ಕೊಳವೆಯಿಂದ ಹೀರಿ ತೆಗೆದು, ಆ ಕಡೆಗೆ ಹರಿವು ಹೆಚ್ಚಿಸಿ, ಆಹಾರ ಕಡಿಮೆ ಮಾಡಿ. ಕಂದು ಲೋಳೆಯಲ್ಲಿ ಗಾಳಿಗುಳ್ಳೆ ನೇತಾಡುತ್ತಿದ್ದರೆ ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ ಇರಬಹುದು. ಇದು ನೀರು ಅತಿ ಶುದ್ಧವಾದಾಗ ಬರುವ ತೊಂದರೆ. ಲೀಟರಿಗೆ ನೈಟ್ರೇಟ್ 5–10, ಫಾಸ್ಫೇಟ್ 0.03–0.1 ಮಿ.ಗ್ರಾಂ ಇರಬೇಕು, ಸೊನ್ನೆ ಇರಬಾರದು. ಗಾಜಿನ ಹೂವಿನಂತಹ ಐಪ್ಟೇಶಿಯಾ, ಕಳೆಯಂತೆ ಹರಡುವ ಸಣ್ಣ ಸಮುದ್ರ ಹೂವು, ಬಂಡೆಯ ಮೇಲೆ ಕಂಡರೆ ಕತ್ತರಿಸಬೇಡಿ, ಉಳಿದ ಚೂರೂ ಬೆಳೆಯುತ್ತದೆ. ಪಂಪ್ ನಿಲ್ಲಿಸಿ, ಸುಣ್ಣದ ಗಟ್ಟಿ ಪೇಸ್ಟನ್ನು ಸಿರಿಂಜಿನಿಂದ ಅದರ ಬಾಯಿಗೆ ಹಾಕಿ, ಕಾಲು ಗಂಟೆ ಬಿಡಿ. ಒಂದು ದಿನಕ್ಕೆ ಎರಡು ಮೂರಕ್ಕಿಂತ ಹೆಚ್ಚು ಬೇಡ, ಪಿಎಚ್ ಏರುತ್ತದೆ.

ದಸರೆ ರಜೆಗೆ ಎರಡು ದಿನಕ್ಕೊಮ್ಮೆ ಬರುವ ಒಬ್ಬರು ಬೇಕು. ಅವರಿಗೆ ಆಹಾರದ ಡಬ್ಬಿ ಕೊಡಬೇಡಿ. ವಾರದ ಮಾತ್ರೆ ಹಾಕಿಡುವ ಪೆಟ್ಟಿಗೆಯ ಒಂದೊಂದು ಗೂಡಿಗೆ ಒಂದೊಂದು ಸಲದ ಆಹಾರ ಅಳೆದು ತುಂಬಿಕೊಡಿ, ಹಸಿದಿವೆ ಎಂದು ಹೆಚ್ಚು ಹಾಕುವುದೇ ರಜೆಯ ಮುಖ್ಯ ಅಪಾಯ. 10 ಲೀಟರಿನ ಟಾಪ್-ಅಪ್ ಡಬ್ಬಿ ಐದು ದಿನಕ್ಕೆ ಬರಿದಾಗುತ್ತದೆ, ಬಂದಾಗಲೆಲ್ಲ ಗೆರೆಯ ತನಕ ಆರ್‌ಒ ನೀರು ತುಂಬಬೇಕು. ಉಪ್ಪುನೀರಿನ ಡ್ರಮ್ಮಿಗೂ ಸಿಹಿನೀರಿನ ಡ್ರಮ್ಮಿಗೂ ಬೇರೆ ಬೇರೆ ಬಣ್ಣದ ಮುಚ್ಚಳ ಹಾಕಿ. ಬೇಸಿಗೆ ರಜೆ ಉದ್ದವಾದ್ದರಿಂದ ದೀಪವನ್ನು ಆರು ಗಂಟೆಗೆ ಇಳಿಸಿ, ಎರಡು ವಾರಕ್ಕೊಮ್ಮೆ ನೀರು ಬದಲಿಸುವ ಸರದಿಯ ಪಟ್ಟಿಯನ್ನು ಮಾರ್ಚ್ ಮುಗಿಯುವ ಮುಂಚೆಯೇ ಬಾಗಿಲಿಗೆ ಅಂಟಿಸಿ.